ಹಳೆಯ ಅಲ್ಯೂಮಿನಿಯಂ ವೈರಿಂಗ್ ಮತ್ತು ವಿದ್ಯುತ್ ಸಾಕೆಟ್‌ಗಳ ಸುರಕ್ಷತೆ

ಬನ್ನೇರುಘಟ್ಟ ರಸ್ತೆಗೆ ಹೊಂದಿಕೊಂಡಿರುವ ಅರೆಕೆರೆಯು ಕೆಲವು ದಶಕಗಳ ಹಿಂದಿನವರೆಗೆ ಕೆರೆ ಮತ್ತು ಹೊಲಗಳಿಂದ ಕೂಡಿದ ಗ್ರಾಮವಾಗಿತ್ತು. ಬಡಾವಣೆಗಳು ಬೆಳೆದಂತೆ ಅದು ನಗರದೊಳಗೆ ಸೇರಿತು. 2007ರಲ್ಲಿ ಬೊಮ್ಮನಹಳ್ಳಿ ಭಾಗದ ಇತರ ಪ್ರದೇಶಗಳೊಡನೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. ಅರೆಕೆರೆಯಲ್ಲಿಯೂ, ಅದಕ್ಕಿಂತ ಮೊದಲೇ ರೂಪುಗೊಂಡ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳಲ್ಲಿಯೂ ವಾಸಕ್ಕೆಂದು ಕಟ್ಟಿದ ಅನೇಕ ಮನೆಗಳ ನೆಲಮಹಡಿ ಇಂದು ಅಂಗಡಿ, ಬೇಕರಿ, ಹೊಲಿಗೆ ಘಟಕ, ಜೆರಾಕ್ಸ್ ಕೇಂದ್ರ ಅಥವಾ ಸಣ್ಣ ಕಾರ್ಯಾಗಾರವಾಗಿ ಮಾರ್ಪಟ್ಟಿದೆ. ಹೊರಗಿನ ಬಣ್ಣ, ನಾಮಫಲಕ, ನೆಲದ ಟೈಲ್ಸ್ ಎಲ್ಲವೂ ಹೊಸದು. ಆದರೆ ಗೋಡೆಯೊಳಗಿನ ವಿದ್ಯುತ್ ತಂತಿ ಮಾತ್ರ ಹಲವೆಡೆ ಮನೆ ಕಟ್ಟಿದ ಕಾಲದ್ದೇ ಆಗಿ ಉಳಿದಿರುವ ಸಾಧ್ಯತೆಯಿದೆ.

ನಾಲ್ಕು ದೀಪ, ಎರಡು ಫ್ಯಾನು, ಒಂದು ರೇಡಿಯೋ ಎಂಬ ಲೆಕ್ಕದಲ್ಲಿ ಹಾಕಿದ ತಂತಿಯ ಮೇಲೆ ಇಂದು ಗೀಸರ್, ಇಸ್ತ್ರಿಪೆಟ್ಟಿಗೆ, ಓವನ್, ಹವಾನಿಯಂತ್ರಕಗಳ ಹೊರೆ ಬಿದ್ದಿದೆ. ಆ ತಂತಿ ಅಲ್ಯೂಮಿನಿಯಂನದಾಗಿದ್ದು, ಸಾಕೆಟ್ ಸಹ ಹಳೆಯದಾಗಿದ್ದರೆ ಅಪಾಯ ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ಗುರುತಿಸಬೇಕು, ಯಾವ ಪರಿಹಾರ ಸರಿ, ಯಾವುದು ತಪ್ಪು ಎಂಬುದನ್ನು ವರ್ತಕರು ಮತ್ತು ಸಣ್ಣ ಉದ್ಯಮಿಗಳು ತಿಳಿದಿರುವುದು ಅವಶ್ಯಕ.

ಅಲ್ಯೂಮಿನಿಯಂ ತಂತಿ ಬಂದ ಬಗೆ

ವಿದ್ಯುತ್ ವಾಹಕವಾಗಿ ತಾಮ್ರವೇ ಶ್ರೇಷ್ಠವೆಂಬುದು ಮೊದಲಿನಿಂದಲೂ ತಿಳಿದ ವಿಷಯ. ಆದರೆ ಭಾರತಕ್ಕೆ ಬೇಕಾದ ತಾಮ್ರದ ಬಹುಪಾಲು ಆಮದಿನಿಂದಲೇ ಬರಬೇಕಿತ್ತು. 1950ರ ದಶಕದ ಕೊನೆಯಲ್ಲಿ ತಲೆದೋರಿದ ವಿದೇಶೀ ವಿನಿಮಯದ ಮುಗ್ಗಟ್ಟಿನಿಂದಾಗಿ ತಾಮ್ರದ ಬಳಕೆಯನ್ನು ಮಿತಗೊಳಿಸಿ, ದೇಶದಲ್ಲಿ ಬಾಕ್ಸೈಟ್ ಅದಿರು ಹೇರಳವಾಗಿರುವ ಕಾರಣ ಅಲ್ಯೂಮಿನಿಯಂ ಬಳಕೆಗೆ ಉತ್ತೇಜನ ನೀಡಲಾಯಿತು. ವಿದ್ಯುತ್ ಮಾರ್ಗಗಳಲ್ಲಿ ಮಾತ್ರವಲ್ಲದೆ ಮನೆಯೊಳಗಿನ ವೈರಿಂಗ್‌ನಲ್ಲಿಯೂ ಪಿ.ವಿ.ಸಿ. ಕವಚದ ಅಲ್ಯೂಮಿನಿಯಂ ತಂತಿ ರೂಢಿಗೆ ಬಂದಿತು. 1990ರ ದಶಕದ ಆರ್ಥಿಕ ಉದಾರೀಕರಣದ ನಂತರ ತಾಮ್ರ ಸುಲಭವಾಗಿ ದೊರೆಯಲಾರಂಭಿಸಿ, ಗೃಹ ವೈರಿಂಗ್ ಕ್ರಮೇಣ ತಾಮ್ರಕ್ಕೆ ಮರಳಿತು. ಆದ್ದರಿಂದ 1960ರಿಂದ 1990ರ ದಶಕದವರೆಗೆ ಕಟ್ಟಿದ, ಆಮೇಲೆ ವೈರಿಂಗ್ ಬದಲಾಯಿಸದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿ ಇರಬಹುದೆಂದು ಭಾವಿಸಿಯೇ ಪರಿಶೀಲನೆ ಆರಂಭಿಸುವುದು ಕ್ಷೇಮ.

ಅಲ್ಯೂಮಿನಿಯಂ ಕೆಟ್ಟ ಲೋಹವಲ್ಲ. ಅದರ ವಾಹಕತೆ ತಾಮ್ರದ ಸುಮಾರು ಶೇ. 61ರಷ್ಟು, ಸಾಂದ್ರತೆ ತಾಮ್ರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಹೀಗಾಗಿ ಅಷ್ಟೇ ವಿದ್ಯುತ್ತನ್ನು ಸುಮಾರು ಅರ್ಧ ತೂಕದಲ್ಲಿ ಸಾಗಿಸಬಲ್ಲದು. ಇಂದಿಗೂ ವಿತರಣಾ ಮಾರ್ಗಗಳಲ್ಲಿ ಮತ್ತು ದಪ್ಪ ಕೇಬಲ್‌ಗಳಲ್ಲಿ ಅದು ಯಶಸ್ವಿಯಾಗಿ ಬಳಕೆಯಲ್ಲಿದೆ. ಅಲ್ಲಿ ಅದಕ್ಕೆ ತಕ್ಕ ಲಗ್, ಒತ್ತುಜೋಡಣೆ ಹಾಗೂ ಲೇಪನಗಳನ್ನು ಬಳಸಲಾಗುತ್ತದೆ. ತೊಂದರೆ ಎದುರಾಗುವುದು ಸಣ್ಣ ಗಾತ್ರದ ಗಟ್ಟಿ ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆಂದು ರೂಪಿಸಿದ ಸಾಕೆಟ್ ಅಥವಾ ಸ್ವಿಚ್ಚಿನ ತಿರುಪಿನಡಿ ಸಿಕ್ಕಿಸಿದಾಗ.

ಅಪಾಯವಿರುವುದು ಜೋಡಣೆಯಲ್ಲಿ

ಗೋಡೆಯೊಳಗೆ ಹಾದುಹೋಗುವ ತಂತಿಯ ಉದ್ದಕ್ಕಿಂತ ಅದು ಕೊನೆಗೊಳ್ಳುವ ಬಿಂದುವೇ ಹೆಚ್ಚು ಅಪಾಯಕಾರಿ. ಇದಕ್ಕೆ ನಾಲ್ಕು ಕಾರಣಗಳಿವೆ.

1. ಆಕ್ಸೈಡ್ ಪದರ: ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಈ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ತಿರುಪಿನ ಒತ್ತಡದಿಂದ ಪದರ ಒಡೆದ ಕಡೆ ಮಾತ್ರ ಲೋಹಕ್ಕೆ ಲೋಹ ತಾಗಿ ಸಂಪರ್ಕ ಏರ್ಪಡುತ್ತದೆ.

2. ಉಷ್ಣ ವ್ಯಾಕೋಚನ: ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹಿತ್ತಾಳೆ ಸುಮಾರು 19, ತಾಮ್ರ 17, ಉಕ್ಕು 12 ಮೈಕ್ರಾನ್ ಹಿಗ್ಗುತ್ತವೆ. ಹಿತ್ತಾಳೆ ಟರ್ಮಿನಲ್ ಮತ್ತು ಉಕ್ಕಿನ ತಿರುಪಿನ ನಡುವೆ ಸಿಕ್ಕಿದ ಅಲ್ಯೂಮಿನಿಯಂ ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದೆ ಅಪ್ಪಚ್ಚಿಯಾಗುತ್ತದೆ. ತಣಿದಾಗ ಕುಗ್ಗಿ ಸೂಕ್ಷ್ಮವಾದ ಸಂದು ಬಿಡುತ್ತದೆ.

3. ಒತ್ತಡಕ್ಕೆ ಸರಿಯುವ ಗುಣ: ಹಳೆಯ ವೈರಿಂಗ್ ತಂತಿಯ ಅಲ್ಯೂಮಿನಿಯಂ ಮೃದುವಾದದ್ದು. ಸತತ ಒತ್ತಡದಲ್ಲಿ ಅದು ವರ್ಷಗಳು ಕಳೆದಂತೆ ತಾನಾಗಿಯೇ ಪಕ್ಕಕ್ಕೆ ಸರಿದು, ಬಿಗಿಯಾಗಿದ್ದ ತಿರುಪು ಯಾರೂ ಮುಟ್ಟದಿದ್ದರೂ ಸಡಿಲಗೊಳ್ಳುತ್ತದೆ.

4. ಭಿನ್ನ ಲೋಹಗಳ ಸವೆತ: ತಾಮ್ರ ಅಥವಾ ಹಿತ್ತಾಳೆಯೊಡನೆ ಅಲ್ಯೂಮಿನಿಯಂ ತಾಗಿರುವಲ್ಲಿ ತೇವ ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಸವೆಯುತ್ತದೆ. ಬಚ್ಚಲುಮನೆಯ ಗೋಡೆ, ಮಳೆನೀರು ಜಿನುಗುವ ಸಜ್ಜೆಯ ಕೆಳಭಾಗಗಳಲ್ಲಿ ಇದು ಹೆಚ್ಚು.

ಈ ನಾಲ್ಕೂ ಒಂದಕ್ಕೊಂದು ಪೂರಕ. ಸಂದು ಬಿಟ್ಟಲ್ಲಿ ಗಾಳಿ ನುಗ್ಗಿ ಆಕ್ಸೈಡ್ ಬೆಳೆಯುತ್ತದೆ, ರೋಧ ಹೆಚ್ಚುತ್ತದೆ, ಶಾಖ ಏರುತ್ತದೆ, ಶಾಖದಿಂದ ಸಂದು ಮತ್ತಷ್ಟು ಅಗಲವಾಗುತ್ತದೆ.

ಇದಕ್ಕೆ ಹಳೆಯ ಸಾಕೆಟ್‌ನ ದೋಷವೂ ಸೇರಿಕೊಳ್ಳುತ್ತದೆ. ಪ್ಲಗ್ಗಿನ ಪಿನ್ನನ್ನು ಹಿಡಿಯುವ ಹಿತ್ತಾಳೆಯ ಕೊಳವೆಗಳು ವರ್ಷಗಟ್ಟಲೆ ಬಳಕೆಯಿಂದ ತಮ್ಮ ಸ್ಪ್ರಿಂಗ್ ಗುಣವನ್ನು ಕಳೆದುಕೊಂಡಿರುತ್ತವೆ. ಪ್ಲಗ್ ಅಲುಗಾಡುತ್ತದೆ, ಪಿನ್ ಬಿಸಿಯಾಗುತ್ತದೆ, ಆ ಶಾಖ ಅದೇ ಲೋಹದ ಮೂಲಕ ಹಿಂದಿನ ಟರ್ಮಿನಲ್ಲಿಗೆ ತಲುಪುತ್ತದೆ. ಹೀಗೆ ಒಂದೇ ಸಾಕೆಟ್‌ನಲ್ಲಿ ಎರಡು ದುರ್ಬಲ ಬಿಂದುಗಳು ಒಂದನ್ನೊಂದು ಕಾಯಿಸುತ್ತವೆ.

ಒಂದು ಸರಳ ಲೆಕ್ಕ

3 ಕಿಲೋವ್ಯಾಟ್‌ನ ಗೀಸರ್ ಒಂದು 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ವಿತರಣಾ ಫಲಕದಿಂದ 20 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್‌ನ ಅಲ್ಯೂಮಿನಿಯಂ ತಂತಿ ಎಳೆಯಲಾಗಿದೆ ಎಂದುಕೊಂಡರೆ, ಹೋಗಿಬರುವ 40 ಮೀಟರ್ ತಂತಿಯ ಒಟ್ಟು ರೋಧ ಸುಮಾರು 0.45 ಓಮ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ದೊರೆಯುವ ಶಾಖ ಸುಮಾರು 76 ವ್ಯಾಟ್. ಇದು 40 ಮೀಟರ್ ಉದ್ದಕ್ಕೆ ಹರಡಿರುವುದರಿಂದ ಪ್ರತಿ ಮೀಟರ್‌ಗೆ 2 ವ್ಯಾಟ್‌ಗಿಂತ ಕಡಿಮೆ. ತಂತಿ ಅಷ್ಟನ್ನು ತಡೆದುಕೊಳ್ಳುತ್ತದೆ.

ಈಗ ಸಾಕೆಟ್‌ನ ತಿರುಪಿನಡಿ ಜೋಡಣೆ ಕೆಟ್ಟು ಅಲ್ಲಿ ಕೇವಲ 0.15 ಓಮ್ ರೋಧ ಹುಟ್ಟಿತೆನ್ನೋಣ. ಅದೇ 13 ಆಂಪಿಯರ್‌ಗೆ ಅಲ್ಲಿ ಹುಟ್ಟುವ ಶಾಖ ಸುಮಾರು 25 ವ್ಯಾಟ್. ಎಲೆಕ್ಟ್ರಾನಿಕ್ ದುರಸ್ತಿ ಅಂಗಡಿಗಳಲ್ಲಿ ಸೀಸವನ್ನು ಕರಗಿಸುವ ಸಾಮಾನ್ಯ ಸಾಲ್ಡರಿಂಗ್ ಐರನ್‌ನ ಸಾಮರ್ಥ್ಯವೂ ಅಷ್ಟೇ. ರೋಧ 0.3 ಓಮ್‌ಗೆ ಏರಿದರೆ ಶಾಖ 50 ವ್ಯಾಟ್ ಮುಟ್ಟುತ್ತದೆ. ಗಾಳಿಯಾಡದ ಸ್ವಿಚ್ ಪೆಟ್ಟಿಗೆಯೊಳಗೆ ಒಂದು ಕಾಳಿನಷ್ಟು ಜಾಗದಲ್ಲಿ ಈ ಶಾಖ ಕೇಂದ್ರೀಕೃತವಾಗುತ್ತದೆ. ಹಳೆಯ ಮರದ ಬೋರ್ಡ್ ಆಗಿದ್ದರೆ ಉರಿಯಲು ಬೇಕಾದ ಇಂಧನವೂ ಅಲ್ಲೇ ಇರುತ್ತದೆ.

ಇಷ್ಟಾದರೂ ಗೀಸರ್‌ಗೆ ಕಡಿಮೆಯಾಗುವ ಒತ್ತಡ 4 ವೋಲ್ಟ್ ಮಾತ್ರ. ನೀರು ಎಂದಿನಂತೆ ಕಾಯುತ್ತದೆ. ಬಳಕೆದಾರನಿಗೆ ಯಾವ ಅನುಮಾನವೂ ಬರುವುದಿಲ್ಲ.

ರಕ್ಷಣಾ ಸಾಧನಗಳ ಮಿತಿ

ಎಂ.ಸಿ.ಬಿ. ಇರುವಾಗ ಭಯವೇಕೆ ಎಂಬ ಪ್ರಶ್ನೆ ಸಹಜ. ಎಂ.ಸಿ.ಬಿ. ಅಥವಾ ಫ್ಯೂಸ್ ತಡೆಯುವುದು ನಿಗದಿತ ಮಿತಿಯನ್ನು ಮೀರಿದ ಪ್ರವಾಹವನ್ನು. ಮೇಲಿನ ಉದಾಹರಣೆಯಲ್ಲಿ ಹರಿಯುತ್ತಿರುವುದು 13 ಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ.ಗೆ ಅದು ದೋಷವೇ ಅಲ್ಲ. ಭೂಸೋರಿಕೆಯನ್ನು ಪತ್ತೆಹಚ್ಚುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದ ಪ್ರವಾಹ ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂದಿರುಗಿತೇ ಎಂಬುದನ್ನು ಮಾತ್ರ ಹೋಲಿಸುತ್ತದೆ. ಸಡಿಲ ಜೋಡಣೆಯಲ್ಲಿ ಹೋದದ್ದೆಲ್ಲವೂ ಹಿಂದಿರುಗುತ್ತದೆ. ಆದ್ದರಿಂದ ಅದೂ ಸುಮ್ಮನಿರುತ್ತದೆ. ಮೆಗ್ಗರ್ ಪರೀಕ್ಷೆಯೂ ನಿರೋಧಕ ಕವಚದ ಸ್ಥಿತಿಯನ್ನು ತಿಳಿಸುತ್ತದೆಯೇ ಹೊರತು ಸಡಿಲ ತಿರುಪನ್ನು ತೋರಿಸುವುದಿಲ್ಲ.

ಇದರ ಅರ್ಥ ಈ ಸಾಧನಗಳು ಬೇಡವೆಂದಲ್ಲ. ವಿದ್ಯುದಾಘಾತ, ಶಾರ್ಟ್ ಸರ್ಕ್ಯೂಟ್ ಮತ್ತು ಅತಿಹೊರೆಗಳಿಂದ ಕಾಪಾಡಲು ಅವು ಅತ್ಯಗತ್ಯ. ಆದರೆ ಬಿಸಿಯಾಗುವ ಜೋಡಣೆಯನ್ನು ಅವು ಕಾಣಲಾರವು. ಅದನ್ನು ಮನುಷ್ಯರೇ ಪರಿಶೀಲಿಸಿ ಪತ್ತೆ ಮಾಡಬೇಕು.

ಅಮೆರಿಕದ ಅನುಭವ

ಈ ವಿಷಯದಲ್ಲಿ ಅತ್ಯಂತ ವಿಸ್ತಾರವಾದ ಅಧ್ಯಯನ ನಡೆದದ್ದು ಅಮೆರಿಕದಲ್ಲಿ. 1960ರ ದಶಕದ ಮಧ್ಯಭಾಗದಲ್ಲಿ ತಾಮ್ರದ ಬೆಲೆ ಏರಿದ ಕಾರಣ 1965ರಿಂದ 1973ರವರೆಗೆ ಅಲ್ಲಿನ ಸುಮಾರು 20 ಲಕ್ಷ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಬಳಸಲಾಯಿತು. ಸಾಕೆಟ್‌ಗಳ ಬಳಿ ಬೆಂಕಿಯ ದೂರುಗಳು ಹೆಚ್ಚಿದಾಗ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ತನಿಖೆ ಕೈಗೊಂಡಿತು. ಆಯೋಗಕ್ಕಾಗಿ ಫ್ರಾಂಕ್ಲಿನ್ ಸಂಶೋಧನಾ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ, 1972ಕ್ಕೆ ಮೊದಲು ತಯಾರಾದ ಅಲ್ಯೂಮಿನಿಯಂ ತಂತಿಯಿರುವ ಮನೆಗಳಲ್ಲಿ ಸಾಕೆಟ್ ಬಳಿಯ ಜೋಡಣೆಯೊಂದು ಬೆಂಕಿ ಅಪಾಯದ ಸ್ಥಿತಿಗೆ ತಲುಪುವ ಸಂಭವ ತಾಮ್ರದ ತಂತಿಯಿರುವ ಮನೆಗಳಿಗಿಂತ 55 ಪಟ್ಟು ಹೆಚ್ಚು.

ಆನಂತರ ಅಲ್ಲಿ ಎ.ಎ.-8000 ಶ್ರೇಣಿಯ ಸುಧಾರಿತ ಮಿಶ್ರಲೋಹದ ತಂತಿಯೂ, ಅಲ್ಯೂಮಿನಿಯಂಗೆಂದೇ ಪರೀಕ್ಷಿಸಿ ಸಿ.ಓ./ಎ.ಎಲ್.ಆರ್. ಎಂದು ಗುರುತು ಹಾಕಿದ ಸಾಕೆಟ್‌ಗಳೂ ಬಂದವು. ಅಲ್ಲಿನ ತಂತಿ, ಸಾಕೆಟ್, ವೋಲ್ಟೇಜ್ ನಮ್ಮವುಗಳಿಂದ ಭಿನ್ನವಾದ್ದರಿಂದ ಆ ಅಂಕಿಯನ್ನು ಯಥಾವತ್ತಾಗಿ ಬೆಂಗಳೂರಿಗೆ ಅನ್ವಯಿಸಲಾಗದು. ಆದರೆ ದೋಷ ಜೋಡಣೆಯ ಬಳಿಯೇ ಹುಟ್ಟುತ್ತದೆ ಎಂಬ ಪಾಠ ಎಲ್ಲೆಡೆಗೂ ಒಂದೇ.

ಗುರುತಿಸುವುದು ಹೇಗೆ?

ಬೆಳ್ಳಿಯ ಬಣ್ಣದ ತಂತಿಯೆಲ್ಲವೂ ಅಲ್ಯೂಮಿನಿಯಂ ಅಲ್ಲ. ಹಳೆಯ ರಬ್ಬರ್ ಕವಚದ ತಾಮ್ರದ ತಂತಿಗಳಿಗೆ ತವರದ ಲೇಪನವಿರುತ್ತಿತ್ತು. ಮೈನ್ ಸ್ವಿಚ್ ಆಫ್ ಮಾಡಿ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಂಡು ತುದಿಯನ್ನು ಕೆರೆದಾಗ ಒಳಗೆ ಕೆಂಪು ಕಂಡರೆ ತಾಮ್ರ. ಬಿಳಿಯಾಗಿಯೇ ಇದ್ದರೆ ಅಲ್ಯೂಮಿನಿಯಂ. ಈ ಪರೀಕ್ಷೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಸಿಬ್ಬಂದಿಯಿಂದಲೇ ಮಾಡಿಸಬೇಕು.

ಬೋರ್ಡ್ ಬಿಚ್ಚದೆಯೇ ಕಾಣಬಹುದಾದ ಮುನ್ಸೂಚನೆಗಳು ಹೀಗಿವೆ:

– ಸಾಕೆಟ್ ಅಥವಾ ಸ್ವಿಚ್ಚಿನ ಮುಖ ಕೈಗೆ ಬಿಸಿಯಾಗಿ ತಾಗುವುದು.
– ಪಿನ್ ರಂಧ್ರಗಳ ಸುತ್ತ ಕಂದು ಅಥವಾ ಕಪ್ಪು ಬಣ್ಣ ತಿರುಗುವುದು.
– ಬೇಕಲೈಟ್ ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆ ಆಗಾಗ ಬಂದು ಹೋಗುವುದು.
– ಸಾಕೆಟ್‌ನಿಂದ ಚಟಪಟ ಅಥವಾ ಗುಂಯ್ ಎನ್ನುವ ಸದ್ದು.
– ಒಂದೇ ಕೋಣೆಯ ದೀಪ ಮಿನುಗುವುದು, ಬೋರ್ಡ್ ಮುಟ್ಟಿದಾಗ ಸರಿಹೋಗುವುದು.

ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಆ ಸಾಕೆಟ್‌ನ ಬಳಕೆಯನ್ನು ಕೂಡಲೇ ನಿಲ್ಲಿಸಿ, ಆ ವಲಯದ ಎಂ.ಸಿ.ಬಿ. ಆಫ್ ಮಾಡುವುದು ಸೂಕ್ತ. ಪೂರ್ಣ ಹೊರೆ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಉಷ್ಣಚಿತ್ರ ಕ್ಯಾಮೆರಾದಿಂದ ಬೋರ್ಡ್‌ಗಳನ್ನು ಪರೀಕ್ಷಿಸಿದರೆ ಹೊರಗೆ ಯಾವ ಗುರುತೂ ಕಾಣದ ಬಿಸಿ ಬಿಂದುಗಳೂ ಬಹುಮಟ್ಟಿಗೆ ಬೆಳಕಿಗೆ ಬರುತ್ತವೆ.

ರೂಢಿಯಲ್ಲಿರುವ ತಪ್ಪು ಪರಿಹಾರಗಳು

ಕೆಲವು ದುರಸ್ತಿಗಳು ಅಪಾಯವನ್ನು ಮುಚ್ಚುತ್ತವೆಯೇ ಹೊರತು ತೆಗೆಯುವುದಿಲ್ಲ. ತಾಮ್ರದ ತುಂಡೊಂದನ್ನು ಅಲ್ಯೂಮಿನಿಯಂ ತಂತಿಗೆ ಹೊಸೆದು ಟೇಪ್ ಸುತ್ತುವುದು ಇವುಗಳಲ್ಲಿ ಮೊದಲನೆಯದು. ಇದರಿಂದ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ. ಒಂದೇ ತಿರುಪಿನಡಿ ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳನ್ನು ಒಟ್ಟಿಗೆ ಬಿಗಿಯುವುದು ಎರಡನೆಯದು. ಪ್ರತಿ ವರ್ಷ ತಿರುಪನ್ನು ಬಲವಾಗಿ ಬಿಗಿಯುತ್ತಾ ಹೋಗುವುದು ಮೂರನೆಯದು. ಮೃದುವಾದ ತಂತಿ ನಜ್ಜುಗುಜ್ಜಾಗಿ ಕೊನೆಗೆ ತುಂಡಾಗುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು ನಾಲ್ಕನೆಯದು. ಹಳೆಯ 5 ಆಂಪಿಯರ್ ಸಾಕೆಟ್ ತೆಗೆದು ಅದೇ ತಂತಿಗೆ 16 ಆಂಪಿಯರ್‌ನ ಹೊಸ ಸಾಕೆಟ್ ಕೂರಿಸುವುದು ಐದನೆಯದು ಮತ್ತು ಅತ್ಯಂತ ಸಾಮಾನ್ಯವಾದುದು. ಮುಖ ಹೊಸದಾದರೂ ಹಿಂದಿನ ತಂತಿ ಮತ್ತು ಜೋಡಣೆ ಹಳೆಯದೇ.

ಸರಿಯಾದ ಪರಿಹಾರದ ಮೂರು ಹಂತಗಳು

ಮೊದಲನೆಯದು, ತಾಮ್ರದ ತಂತಿಯಿಂದ ಸಂಪೂರ್ಣ ಮರುವೈರಿಂಗ್. ಇದೇ ಶಾಶ್ವತ ಪರಿಹಾರ. ಭೂಸಂಪರ್ಕದ ತಂತಿಯಿಲ್ಲದ ಹಳೆಯ ಎರಡು ತಂತಿಯ ವೈರಿಂಗ್ ಇದ್ದಲ್ಲಿ ಬೇರೆ ದಾರಿಯಿಲ್ಲ. ಕಟ್ಟಡ ನವೀಕರಣ ಅಥವಾ ಹೊಸ ಬಾಡಿಗೆದಾರರು ಬರುವ ಸಮಯ ಇದಕ್ಕೆ ಪ್ರಶಸ್ತ.

ಎರಡನೆಯದು, ಒಮ್ಮೆಗೇ ಅಷ್ಟು ವೆಚ್ಚ ಸಾಧ್ಯವಾಗದಿದ್ದಲ್ಲಿ ಭಾರೀ ಹೊರೆಗಳನ್ನು ಬೇರ್ಪಡಿಸುವುದು. ಗೀಸರ್, ಹವಾನಿಯಂತ್ರಕ, ಓವನ್, ಇಸ್ತ್ರಿ ಮತ್ತು ಮೋಟಾರ್‌ಗಳಿಗೆ ವಿತರಣಾ ಫಲಕದಿಂದಲೇ ಪ್ರತ್ಯೇಕ ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ. ಮತ್ತು ಹೊಸ ಸಾಕೆಟ್ ಒದಗಿಸಬೇಕು. ಹಳೆಯ ಅಲ್ಯೂಮಿನಿಯಂ ಮಾರ್ಗವನ್ನು ದೀಪ ಮತ್ತು ಫ್ಯಾನ್‌ಗಳಿಗೆ ಸೀಮಿತಗೊಳಿಸಿ, ಅದರ ಎಂ.ಸಿ.ಬಿ.ಯನ್ನು 6 ಆಂಪಿಯರ್‌ಗೆ ಇಳಿಸಬೇಕು. ಪ್ರವಾಹ ಅರ್ಧಕ್ಕಿಳಿದರೆ ಜೋಡಣೆಯಲ್ಲಿನ ಶಾಖ ಕಾಲುಭಾಗಕ್ಕೆ ಇಳಿಯುವುದರಿಂದ ಈ ಕ್ರಮ ಖರ್ಚಿಗೆ ಹೋಲಿಸಿದರೆ ಹೆಚ್ಚು ಫಲಕಾರಿ.

ಮೂರನೆಯದು, ಉಳಿಯುವ ಅಲ್ಯೂಮಿನಿಯಂ ಜೋಡಣೆಗಳ ದುರಸ್ತಿ. ತಾಮ್ರ ಮತ್ತು ಅಲ್ಯೂಮಿನಿಯಂ ಎರಡಕ್ಕೂ ಯೋಗ್ಯವೆಂದು ತಯಾರಕರು ಲಿಖಿತವಾಗಿ ನಮೂದಿಸಿದ ಕನೆಕ್ಟರ್‌ಗಳನ್ನೇ ಬಳಸಬೇಕು. ಸುಟ್ಟ ತುದಿಯನ್ನು ಕತ್ತರಿಸಿ, ಹೊಸ ತುದಿಯನ್ನು ಗಾಯವಾಗದಂತೆ ಬಿಡಿಸಿ, ಆಕ್ಸೈಡ್ ತಡೆಯುವ ಲೇಪನ ಹಚ್ಚಿ, ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬಿಗಿಯಬೇಕು. ಮೀಟರ್ ಬಳಿಯ ದಪ್ಪ ಅಲ್ಯೂಮಿನಿಯಂ ಕೇಬಲ್‌ಗೆ ದ್ವಿಲೋಹ ಲಗ್ ಬಳಸುವುದು ಕ್ರಮ. ಇಂತಹ ದುರಸ್ತಿಯನ್ನು ಮರುವೈರಿಂಗ್‌ಗೆ ಬದಲಿಯೆಂದಲ್ಲ, ಅಲ್ಲಿಯವರೆಗಿನ ವ್ಯವಸ್ಥೆಯೆಂದು ಪರಿಗಣಿಸುವುದು ಒಳಿತು.

ಮೀಟರ್‌ನಿಂದ ಒಳಗಿನ ವೈರಿಂಗ್‌ನ ಹೊಣೆ ಗ್ರಾಹಕರದು. ಬೆಸ್ಕಾಂನಿಂದ ಹೆಚ್ಚುವರಿ ಲೋಡ್ ಮಂಜೂರಾದ ಮಾತ್ರಕ್ಕೆ ಗೋಡೆಯೊಳಗಿನ ತಂತಿಯ ಸಾಮರ್ಥ್ಯ ಹೆಚ್ಚುವುದಿಲ್ಲ ಎಂಬುದನ್ನು ಮರೆಯಬಾರದು.

ವಿಮೆ ಮತ್ತು ಬಾಡಿಗೆ ಕರಾರು

ಬೆಂಕಿ ವಿಮೆಯ ಸಾಮಾನ್ಯ ಷರತ್ತುಗಳಲ್ಲಿ ಗಮನಾರ್ಹವಾದ ಒಂದು ಹೊರತುಪಡಿಕೆ ಇದೆ. ಅತಿಹೊರೆ, ಶಾರ್ಟ್ ಸರ್ಕ್ಯೂಟ್, ಕಿಡಿ ಅಥವಾ ತಾನಾಗಿ ಬಿಸಿಯಾಗುವಿಕೆಯಿಂದ ವಿದ್ಯುತ್ ಉಪಕರಣಕ್ಕೆ ಅಥವಾ ಅಳವಡಿಕೆಗೆ ಆಗುವ ಹಾನಿಗೆ ಪರಿಹಾರ ದೊರೆಯುವುದಿಲ್ಲ. ಅಲ್ಲಿಂದ ಬೆಂಕಿ ಹರಡಿ ಇತರ ಸ್ವತ್ತಿಗೆ ಆದ ನಷ್ಟ ಮಾತ್ರ ವಿಮಾ ವ್ಯಾಪ್ತಿಗೆ ಬರುತ್ತದೆ. 2021ರ ಏಪ್ರಿಲ್ 1ರಿಂದ, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಸ್ವತ್ತು ಹೊಂದಿರುವ ಉದ್ಯಮಗಳಿಗಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಏಕರೂಪ ಪಾಲಿಸಿ ಜಾರಿಯಲ್ಲಿದೆ. ಪಾಲಿಸಿ ಪಡೆಯುವ ಮುನ್ನ ಅದರ ಹೊರತುಪಡಿಕೆಗಳನ್ನು ಓದಿ, ಕಟ್ಟಡದ ವೈರಿಂಗ್ ಕುರಿತ ಪ್ರಶ್ನೆಗಳಿಗೆ ನಿಜವನ್ನೇ ತಿಳಿಸಬೇಕು.

ಬಾಡಿಗೆ ಕಟ್ಟಡದಲ್ಲಿ ವ್ಯಾಪಾರ ನಡೆಸುವವರು ಕರಾರಿಗೆ ಸಹಿ ಮಾಡುವ ಮೊದಲೇ ವೈರಿಂಗ್ ಪರೀಕ್ಷಾ ವರದಿ ಕೇಳುವುದು ಸೂಕ್ತ. ಮರುವೈರಿಂಗ್ ವೆಚ್ಚ ಯಾರದು, ಮುಂಗಡದಲ್ಲಿ ಅದನ್ನು ಹೊಂದಿಸಿಕೊಳ್ಳಬಹುದೇ ಎಂಬ ಅಂಶ ಕರಾರಿನಲ್ಲಿಯೇ ದಾಖಲಾದರೆ ಮುಂದೆ ಮಾಲೀಕ ಮತ್ತು ಬಾಡಿಗೆದಾರರ ನಡುವೆ ವಿವಾದಕ್ಕೆ ಆಸ್ಪದವಿರುವುದಿಲ್ಲ.

ವರ್ತಕರು ಮತ್ತು ತಯಾರಕರ ಪಾತ್ರ

ವಿದ್ಯುತ್ ಸಾಮಗ್ರಿಗಳ ವ್ಯಾಪಾರಿಗಳು 16 ಆಂಪಿಯರ್ ಸಾಕೆಟ್ ಮಾರುವಾಗ ‘ಮನೆಯಲ್ಲಿರುವುದು ಯಾವ ತಂತಿ?’ ಎಂಬ ಒಂದು ಪ್ರಶ್ನೆಯನ್ನು ಕೇಳುವುದು ಕಷ್ಟವಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಗಟು ಮಳಿಗೆಯಿಂದ ಬಡಾವಣೆಯ ಬೀದಿ ಅಂಗಡಿಯವರೆಗೆ ಈ ರೂಢಿ ಬೆಳೆದರೆ ಅನೇಕ ಅವಘಡಗಳನ್ನು ತಡೆಯಬಹುದು. ದ್ವಿಲೋಹ ಲಗ್, ಎರಡೂ ಲೋಹಗಳಿಗೆ ಯೋಗ್ಯವಾದ ಕನೆಕ್ಟರ್, ಆಕ್ಸೈಡ್ ನಿರೋಧಕ ಲೇಪನಗಳನ್ನು ದಾಸ್ತಾನಿನಲ್ಲಿ ಇರಿಸಿದರೆ ವ್ಯಾಪಾರಕ್ಕೂ ಅನುಕೂಲ.

ತಂತಿ, ಸ್ವಿಚ್, ಪ್ಲಗ್ ಮತ್ತು ಸಾಕೆಟ್‌ಗಳಿಗೆ ಐ.ಎಸ್.ಐ. ಗುರುತು ಗುಣಮಟ್ಟ ನಿಯಂತ್ರಣ ಆದೇಶಗಳಿಂದ ಕಡ್ಡಾಯವಾಯಿತು. ಪ್ಲಗ್ ಮತ್ತು ಸಾಕೆಟ್‌ಗೆ ಐ.ಎಸ್. 1293, ಸ್ವಿಚ್‌ಗೆ ಐ.ಎಸ್. 3854, ಪಿ.ವಿ.ಸಿ. ತಂತಿಗೆ ಐ.ಎಸ್. 694 ಎಂಬ ಮಾನಕಗಳು ಅನ್ವಯಿಸುತ್ತವೆ. ಆದರೆ ಐ.ಎಸ್.ಐ. ಗುರುತು ಇದೆ ಎಂದ ಮಾತ್ರಕ್ಕೆ ಆ ಸಾಕೆಟ್ ಅಲ್ಯೂಮಿನಿಯಂ ತಂತಿಗೆ ಯೋಗ್ಯವೆಂದು ತಿಳಿಯಬಾರದು. ಪೀಣ್ಯ, ಬೊಮ್ಮಸಂದ್ರ ಮೊದಲಾದೆಡೆಯ ಸಣ್ಣ ತಯಾರಕರು ತಮ್ಮ ಟರ್ಮಿನಲ್ ಯಾವ ಲೋಹದ, ಯಾವ ಗಾತ್ರದ ತಂತಿಗೆ ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿಯೂ ಮುದ್ರಿಸಿದರೆ ಕೆಲಸಗಾರರಿಗೆ ದೊಡ್ಡ ಉಪಕಾರವಾಗುತ್ತದೆ.

ಉಪಸಂಹಾರ

ಅಲ್ಯೂಮಿನಿಯಂ ತಂತಿಯಿರುವ ಕಟ್ಟಡವೆಲ್ಲ ನಾಳೆಯೇ ಹೊತ್ತಿ ಉರಿಯುತ್ತದೆ ಎಂದು ಭಯಪಡಬೇಕಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲವೆಂದು ನಿಶ್ಚಿಂತರಾಗಿರುವುದೂ ಸಲ್ಲದು. ಜೋಡಣೆಯ ದೋಷ ಕಾಲ ಕಳೆದಷ್ಟೂ ಬೆಳೆಯುವಂಥದ್ದು. 2000ಕ್ಕೆ ಮೊದಲು ಕಟ್ಟಿದ ಕಟ್ಟಡದಲ್ಲಿ ವ್ಯವಹಾರ ನಡೆಸುವ ಪ್ರತಿಯೊಬ್ಬರೂ ಮೂರು ಕೆಲಸಗಳನ್ನು ತಡಮಾಡದೆ ಕೈಗೊಳ್ಳಬೇಕು: ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ತಂತಿಯ ಲೋಹವನ್ನು ಖಚಿತಪಡಿಸಿಕೊಳ್ಳುವುದು, ಹೆಚ್ಚು ಹೊರೆಯ ಸಾಕೆಟ್‌ಗಳನ್ನು ಬಿಚ್ಚಿಸಿ ಜೋಡಣೆಗಳನ್ನು ಪರೀಕ್ಷಿಸುವುದು, ಅಲ್ಯೂಮಿನಿಯಂ ಕಂಡುಬಂದಲ್ಲಿ ಭಾರೀ ಉಪಕರಣಗಳನ್ನು ಆ ಮಾರ್ಗದಿಂದ ತಕ್ಷಣ ಬೇರ್ಪಡಿಸುವುದು. ಮೊದಲ ಎರಡಕ್ಕೆ ತಗಲುವುದು ಒಂದು ದಿನದ ಕೂಲಿ ಮಾತ್ರ. ಅಂಗಡಿಯ ದಾಸ್ತಾನು, ಯಂತ್ರಗಳು, ಮಹಡಿಯ ಮೇಲೆ ವಾಸಿಸುವ ಕುಟುಂಬದ ಜೀವ ಇವೆಲ್ಲವೂ ಗೋಡೆಯೊಳಗಿನ ಆ ಒಂದು ತಿರುಪಿನ ಬಿಗಿಯನ್ನು ಅವಲಂಬಿಸಿವೆ.